ಬೀಗದವಳ ಪೀಠಿಕೆ

ಹುಟ್ಟುಹಬ್ಬಕ್ಕೆ ಪುಸ್ತಕ ಕೊಡಿಸುತ್ತೇನೆಂದು ಮಗಳಿಗೆ ಮಾತು ಕೊಟ್ಟವಳು ನಾನೇ. ಅವಳು ಕೇಳಿದ ಪುಸ್ತಕ ಮಾತ್ರ ಅವಳದ್ದಲ್ಲ, ನನ್ನದು. ನನಗೆ ಎಂಟು ವರ್ಷವಾಗಿದ್ದಾಗ ಕುಂದಾಪುರದ ಮನೆಯಲ್ಲಿ ಟೇಪು ಸವೆಯುವಷ್ಟು ಸಲ ಒಂದು ಇಂಗ್ಲಿಷ್ ಮಾಯಾಲೋಕದ ಸಿನಿಮಾ ನೋಡಿದ್ದೆ. ಮೂವತ್ತು ವರ್ಷ ಕಳೆದ ಮೇಲೆ ಈಗ ಯಾರೋ ಅದರ ಹಿಂದಿನ ಕಥೆ ಬರೆದು, ಚಿತ್ರ ಬಿಡಿಸಿ, ದಪ್ಪ ಪುಸ್ತಕ ಮಾಡಿದ್ದಾರೆ. "ಪ್ರೀಕ್ವೆಲ್ ಅಮ್ಮ, ಗ್ರಾಫಿಕ್ ನಾವೆಲ್" ಎಂದು ಮಗಳು ಫೋನು ನನ್ನ ಮೂಗಿನ ಹತ್ತಿರ ಹಿಡಿದಳು. ಮುಖಪುಟದಲ್ಲಿ ಅವಳೇ ಇದ್ದಳು, ಸೊಂಟದಲ್ಲಿ ಕೀಲಿಕೈ ಗೊಂಚಲಿನ, ಆ ಸಿನಿಮಾದ ಕೆಟ್ಟ ಹೆಂಗಸು. ಆದರೆ ಹೆಂಗಸಲ್ಲ, ಹದಿಮೂರೋ ಹದಿನಾಲ್ಕೋ ವರ್ಷದ ಹುಡುಗಿ.

ನನಗೆ ಮೊದಲು ಬಂದದ್ದು ಸಿಟ್ಟು. ನನಗೆ ಸಿಟ್ಟು ಬರುವುದಕ್ಕೆ ದೊಡ್ಡ ಕಾರಣ ಬೇಕಾಗಿಲ್ಲ; ಬ್ರಹ್ಮಾವರದಲ್ಲಿ ನನ್ನ ಹತ್ತಿರ ಗಣಿತ ಕಲಿತ ಮಕ್ಕಳನ್ನು ಕೇಳಿದರೆ ಗೊತ್ತಾಗುತ್ತದೆ. ನಾನು ಒಂದೊಂದೇ ಕೂದಲು ನೆರೆಯುತ್ತ ಇಲ್ಲಿಗೆ ಬಂದು ನಿಂತಿರುವಾಗ ಇವಳು ಹಿಂದಕ್ಕೆ ಬೆಳೆದು ನನ್ನ ಮಗಳ ವಯಸ್ಸಿಗೆ ಇಳಿದಿದ್ದಾಳಲ್ಲ ಅನ್ನಿಸಿತು. "ಇವಳ ಹಿಂದಿನ ಕಥೆ ಓದಬೇಕಾದ್ದೇನಿಲ್ಲ, ನನಗೆ ಗೊತ್ತಿದೆ" ಎಂದೆ. ಮಗಳು ನಂಬಲಿಲ್ಲ. "ಪುಸ್ತಕ ಬಂದದ್ದೇ ಈಗ. ನಿನಗೆ ಹೇಗೆ ಗೊತ್ತಿರ್ತದೆ?" ಎಂದಳು.

ಗೊತ್ತಿತ್ತು. ಚಿಕ್ಕಿ ಹೇಳಿದ್ದಳು.

ಅಮ್ಮ ಆಸ್ಪತ್ರೆಗೆ ಹೋದವಳು ತಿರುಗಿ ಬರದೆ ಹೋದಾಗ ನನಗೆ ಆರು ವರ್ಷ. ಮರುವರ್ಷ ಅಪ್ಪಯ್ಯ ಬೈಂದೂರಿನಿಂದ ಇನ್ನೊಂದು ಮದುವೆಯಾದರು. ಬಂದವಳನ್ನು ಚಿಕ್ಕಿ ಎಂದು ಕರೆ ಎಂದರು, ಕರೆದೆ. ಅಪ್ಪಯ್ಯ ಮುಂಬೈಯ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದವರು. ವರ್ಷಕ್ಕೆ ಎರಡು ಸಲ ಬರುತ್ತಿದ್ದರು. ಹಾಗಾಗಿ ಮದುವೆಯಾದ ಹೊಸತರಲ್ಲೇ ಇಪ್ಪತ್ನಾಲ್ಕು ವರ್ಷದ ಚಿಕ್ಕಿ, ಮಾತು ಕಡಿಮೆಯ ಅಜ್ಜಿ, ಚಿಕ್ಕಿಯೊಡನೆ ಮಾತೇ ಆಡದ ನಾನು, ಮೂವರೂ ಒಂದು ಮನೆಯಲ್ಲಿ ಉಳಿದೆವು.

ಆ ಮದುವೆಯ ಮರುವರ್ಷದ ಬೇಸಗೆಯಲ್ಲಿ ಅಪ್ಪಯ್ಯ ಮುಂಬೈಯಿಂದ ಟೀವಿಯಲ್ಲಿ ಸಿನಿಮಾ ಹಾಕುವ ಹಳೆಯ ವಿಸಿಪಿಯೊಂದನ್ನು ಟವೆಲ್ಲಿನಲ್ಲಿ ಸುತ್ತಿ ತಂದರು. ಜೊತೆಗೆ ಮೂರು ಕ್ಯಾಸೆಟ್. ಎರಡು ಹಿಂದಿ, ಅಜ್ಜಿಗೆ. ಒಂದು ಇಂಗ್ಲಿಷ್, ನನಗೆ. ಆ ಸಿನಿಮಾದ ಒಂದು ಮಾತೂ ನಮಗೆ ಅರ್ಥವಾಗುತ್ತಿರಲಿಲ್ಲ, ಅರ್ಥವಾಗುವ ಅಗತ್ಯವೂ ಬೀಳಲಿಲ್ಲ. ಬೆಟ್ಟದ ಮೇಲೆ ಒಂದು ಊರು, ಊರಿನ ತುಂಬ ಬಾಗಿಲುಗಳು. ಬೇರೆ ಬೇರೆ ಲೋಕದ ಮಕ್ಕಳು ಆ ಬಾಗಿಲುಗಳಿಂದ ಆಡಲು ಬರುತ್ತಾರೆ. ಬಂದದ್ದೇ ತಡ, ಹಸಿರು ನಿಲುವಂಗಿಯ ಹೆಂಗಸೊಬ್ಬಳು ಬಾಗಿಲಿಗೆ ಬೀಗ ಜಡಿಯುತ್ತಾಳೆ. ಮಕ್ಕಳಿಗೆ ಮನೆಗೆ ಹೋಗುವ ದಾರಿ ಇಲ್ಲ. ಕೊನೆಗೆ ಒಬ್ಬ ಹುಡುಗಿಯೂ ಮೂರು ಕಾಲಿನ ಒಂದು ನರಿಯೂ ಸೇರಿ ಕೀಲಿಕೈ ಕದ್ದು ಎಲ್ಲ ಬಾಗಿಲು ತೆಗೆಯುತ್ತಾರೆ. ಒಳಗೆ ನುಗ್ಗಿದ ಬೆಳಕಿನಲ್ಲಿ ಆ ಹೆಂಗಸು ಉಪ್ಪಿನ ಹಾಗೆ ಕರಗಿ ಹೋಗುತ್ತಾಳೆ. ಅವಳಿಗೆ ನಾನಿಟ್ಟ ಹೆಸರು ಬೀಗದವಳು. ಅವಳು ಕರಗುವಾಗ ಚಪ್ಪಾಳೆ ತಟ್ಟುತ್ತಿದ್ದೆ.

ನಮ್ಮ ಮನೆಯಲ್ಲೂ ಒಬ್ಬಳಿದ್ದಳು. ಅಜ್ಜಿ ತನ್ನ ಸೊಂಟದ ಕೀಲಿಕೈ ಗೊಂಚಲನ್ನು ಚಿಕ್ಕಿಗೆ ಕೊಟ್ಟಿದ್ದಳು. ಉಗ್ರಾಣದ್ದು, ಅಕ್ಕಿಯ ಕೋಣೆಯದ್ದು, ಅಮ್ಮನ ಸೀರೆಗಳಿದ್ದ ಕಪಾಟಿನದ್ದು. ಚಿಕ್ಕಿ ಬಂದ ತಿಂಗಳೊಳಗೆ ಆ ಕಪಾಟಿಗೆ ಬೀಗ ಹಾಕಿದ್ದಳು. ಅದಕ್ಕೆ ಮೊದಲು ನಾನು ಮಧ್ಯಾಹ್ನ ಅದರೊಳಗೆ ಹೋಗಿ ಸೀರೆಗಳ ಮೇಲೆ ಮಲಗುತ್ತಿದ್ದೆ. ಬಾಗಿಲು ಮುಚ್ಚಿಕೊಂಡರೆ ಉಸಿರು ಕಟ್ಟೀತು ಎಂದು ಹೆದರಿ ಬೀಗ ಹಾಕಿದ್ದೆಂದು ನನಗೆ ಗೊತ್ತಾದದ್ದು ನಾನೂ ತಾಯಿಯಾದ ಮೇಲೆ. ಆಗ ಗೊತ್ತಿದ್ದದ್ದು ಒಂದೇ: ಬೀಗದವಳು ನನ್ನ ಅಮ್ಮನನ್ನು ಒಳಗಿಟ್ಟು ಬೀಗ ಹಾಕಿದ್ದಾಳೆ.

ನಾನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ. ಶಾಲೆಯ ಗೆಳತಿಯರಿಗೆಲ್ಲ ಹೇಳಿದೆ. ಅವರು ಮನೆಗೆ ಹೋಗಿ ಹೇಳಿದರು. ಒಂದು ದಿನ ನಲ್ಲಿಯ ಹತ್ತಿರ ನೆರೆಯ ಹೆಂಗಸೊಬ್ಬಳು, "ಎಂತದೇ ಬೀಗದವ್ಳೇ, ಇವತ್ತ್ ನೀರಿಗೂ ಬೀಗ ಹಾಕ್ತ್ಯಾ?" ಎಂದು ಚಿಕ್ಕಿಯನ್ನು ಕೇಳಿ ನಕ್ಕಳು. ನಾನು ಚಿಕ್ಕಿಯ ಹಿಂದೆಯೇ ಇದ್ದೆ. ಚಿಕ್ಕಿ ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡು ಮನೆಗೆ ನಡೆದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನನಗೆ ಅದು ಚುಚ್ಚುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿತು. ನಮ್ಮ ಕರಾವಳಿಯ ಮಳೆಯಲ್ಲಿ ಚಪ್ಪಲಿ, ಪುಸ್ತಕ, ಗೋಡೆ ಎಲ್ಲಕ್ಕೂ ಹಿಡಿಯುತ್ತದೆ. ಹಪ್ಪಳ, ಹುಳಿ, ಒಣಮೀನುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಕಾಪಾಡುವುದು ಎಲ್ಲ ಮನೆಗಳ ಪದ್ಧತಿ. ಚಿಕ್ಕಿಗೆ ನನ್ನ ಕ್ಯಾಸೆಟ್ಟೂ ಉಳಿಯಬೇಕಿತ್ತು. ಅದನ್ನು ಬಟ್ಟೆಯಲ್ಲಿ ಕಟ್ಟಿ ಅದೇ ಅಟ್ಟದಲ್ಲಿ, ಒಣಸಿಗಡಿಯ ಡಬ್ಬಿಯ ಪಕ್ಕ ಇಟ್ಟಳು. ಹಿಂದಿ ಕ್ಯಾಸೆಟ್ಟುಗಳನ್ನು ಇಡಲಿಲ್ಲ. ಅವು ಅಜ್ಜಿಯವು, ಹೋದರೆ ಹೋಗಲಿ ಅಂದುಕೊಂಡಿರಬೇಕು. ಹಿಂದಿಯವು ಬೂಷ್ಟು ಹಿಡಿದರೂ ಓಡಿದವು. ನನ್ನದು ಒಲೆಯ ಕಾವಿಗೆ ಒಂದು ಬದಿ ಸೊಟ್ಟಗಾಯಿತು. ಯಂತ್ರಕ್ಕೆ ಹಾಕಿದಾಗ ಟೇಪು ಒಳಗೆ ಸಿಕ್ಕಿಹಾಕಿಕೊಂಡು ಮುದ್ದೆಯಾಯಿತು. ಪೇಟೆಯ ರಿಪೇರಿಯವನು ಹಾಳಾದಷ್ಟು ಕತ್ತರಿಸಿ ಉಳಿದದ್ದನ್ನು ಅಂಟಿಸಿಕೊಟ್ಟ. ಹೋದದ್ದು ಸಿನಿಮಾದ ಮೊದಲ ಭಾಗ. ಈಗ ಹಾಕಿದ ಕೂಡಲೇ ಬೀಗದವಳು ಬೀಗ ಜಡಿಯುತ್ತ ನಿಂತಿರುತ್ತಿದ್ದಳು. ಮಕ್ಕಳು ಆಡಿದ್ದು, ನಗುತ್ತ ಬಂದದ್ದು ಯಾವುದೂ ಇಲ್ಲ. ಜೊತೆಗೆ ಕ್ಯಾಸೆಟ್ಟಿಗೆ ಸಿಗಡಿಯ ವಾಸನೆ.

ನಾನು ಕಿರುಚಿದ್ದು ನೆರೆಮನೆಗೂ ಕೇಳಿಸಿತಂತೆ. ಒಳಕೋಣೆಗೆ ಓಡಿ ಚಿಲಕ ಹಾಕಿಕೊಂಡೆ. ಅಜ್ಜಿ ಬಾಗಿಲು ಬಡಿದು ಸೋತು ಹೋದಳು. ಸ್ವಲ್ಪ ಹೊತ್ತಿಗೆ ಬಾಗಿಲಿನ ಆಚೆ ಚಿಕ್ಕಿ ಕೂತ ಸದ್ದು ಕೇಳಿಸಿತು.

"ಮಗಾ, ಸುರು ಹೋದ್ರೆ ಹೋಯ್ಲಿ. ಅದ್ಕಿಂತ ಮುಂಚಿನದ್ ನಂಗ್ ಗೊತ್ತಿತ್ತ್. ಹೇಳ್ತೆ, ಕೇಣ್" ಎಂದಳು.

ಇಲ್ಲಿ ಚಿಕ್ಕಿಯ ತವರಿನ ಬಗ್ಗೆ ಹೇಳಬೇಕು. ಅವಳ ಅಪ್ಪಯ್ಯ ಬೈಂದೂರಿನಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದವರು, ಹವ್ಯಾಸಕ್ಕೆ ತಾಳಮದ್ದಲೆಯ ಅರ್ಥಧಾರಿ. ತಾಳಮದ್ದಲೆಯಲ್ಲಿ ಯಕ್ಷಗಾನದ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಕೂತು ಮಾತಿನಲ್ಲೇ ಪಾತ್ರವನ್ನು ಕಟ್ಟಬೇಕು. ಎಂಥ ದುಷ್ಟನ ಪಾತ್ರವಾದರೂ ಅರ್ಥಧಾರಿ ಮೊದಲು ಪೀಠಿಕೆ ಹೇಳುತ್ತಾನೆ. ತಾನು ಯಾರು, ಎಲ್ಲಿಂದ ಬಂದೆ, ಯಾವುದು ತನ್ನನ್ನು ಹೀಗೆ ಮಾಡಿತು ಎಂಬುದನ್ನು ಆ ಪಾತ್ರವೇ ಆಗಿ, ಬಾಯಿಪಾಠವಿಲ್ಲದೆ, ಆ ಕ್ಷಣಕ್ಕೆ ಹೊಳೆದಂತೆ ಹೇಳಬೇಕು. ಪೀಠಿಕೆ ಚೆನ್ನಾಗಿದ್ದರೆ ಖಳನ ಮೇಲೂ ಸಭೆಗೆ ಮರುಕ ಹುಟ್ಟುತ್ತದೆ. ಚಿಕ್ಕಿ ಹತ್ತು ವರ್ಷದವಳಿದ್ದಾಗ ಅವಳ ಅಪ್ಪಯ್ಯ ಅಂಥದೊಂದು ಕೂಟಕ್ಕೆಂದು ಬಸ್ಸು ಹತ್ತಿದವರು ಅಲ್ಲೇ ಎದೆನೋವು ಬಂದು ತೀರಿಕೊಂಡರು. ಅಷ್ಟರೊಳಗೆ ಮಗಳಿಗೆ ಆ ವಿದ್ಯೆ ಕಿವಿಯಿಂದಲೇ ಹತ್ತಿಬಿಟ್ಟಿತ್ತು.

ಬಾಗಿಲಿನ ಆಚೆ ಚಿಕ್ಕಿ ಗಂಟಲು ಸರಿಮಾಡಿಕೊಂಡಳು. ಆಮೇಲೆ ಬಂದ ದನಿ ಅವಳದ್ದಾಗಿರಲಿಲ್ಲ, ಮಾತೂ ನಮ್ಮ ಮನೆಯದಾಗಿರಲಿಲ್ಲ. ಪುಸ್ತಕದ ಕನ್ನಡ.

"ಈ ಊರಿನವರು ನನ್ನನ್ನು ಬೀಗದವಳು ಎನ್ನುತ್ತಾರೆ. ಎನ್ನಲಿ. ಆದರೆ ಸೊಂಟದಲ್ಲಿ ಕೀಲಿಕೈ ಕಟ್ಟಿಕೊಂಡು ಯಾರೂ ಹುಟ್ಟುವುದಿಲ್ಲ. ನಾನೂ ಒಂದು ಕಾಲದಲ್ಲಿ ಸಣ್ಣ ಹುಡುಗಿಯಾಗಿದ್ದೆ. ನಮ್ಮ ಮನೆಗೆ ಏಳು ಬಾಗಿಲು. ಏಳೂ ಹಗಲೆಲ್ಲ ತೆರೆದೇ ಇರುತ್ತಿದ್ದವು. ಒಂದು ದಿನ ನನಗೆ ಎಲ್ಲರಿಗಿಂತ ಬೇಕಾದವರೊಬ್ಬರು, ಬರುತ್ತೇನೆ ಎಂದು ಹೇಳಿ ಹೊರಗೆ ಹೋದರು. ಬರಲಿಲ್ಲ. ಅವರು ಯಾವ ಬಾಗಿಲಿನಿಂದ ಹೋದರೆಂದು ನಾನು ನೋಡಿರಲಿಲ್ಲ. ಆದ್ದರಿಂದ ಏಳಕ್ಕೂ ಬೀಗ ಹಾಕಿದೆ. ಯಾರೂ ಬರಬಾರದೆಂದಲ್ಲ. ಇದ್ದವರು ಹೋಗಬಾರದೆಂದು."

ನಾನು ಅಳು ನಿಲ್ಲಿಸಿ ಬಾಗಿಲಿಗೆ ಕಿವಿ ಇಟ್ಟೆ. ಅವಳು ಇನ್ನೂ ಬಹಳ ಹೊತ್ತು ಹೇಳಿದಳು. ಮುಗಿದಾಗ ಚಿಲಕ ತೆಗೆದು, "ಮತ್ತೆಂತ ಆಯ್ತ್?" ಎಂದು ಕೇಳಿದೆ. ಅವಳು ಬಂದ ವರ್ಷದಿಂದ ನಾನಾಗಿ ಅವಳೊಡನೆ ಆಡಿದ ಮೊದಲ ಮಾತು ಅದೇ ಇರಬೇಕು.

"ಮತ್ತಿಂದ್ ನಿನ್ನ ಕ್ಯಾಸೆಟ್ಟಂಗೇ ಇತ್ತಲ್ಲ" ಎಂದಳು ಚಿಕ್ಕಿ, ತನ್ನ ದನಿಯಲ್ಲಿ.

ಅಂದಿನಿಂದ ಪ್ರತಿಸಲ ಕ್ಯಾಸೆಟ್ ಹಾಕುವ ಮೊದಲು ಪೀಠಿಕೆ ಆಗಲೇಬೇಕಿತ್ತು. ಒಂದೊಂದು ಸಲ ಒಂದೊಂದು ಹೊಸ ವಿವರ ಸೇರುತ್ತಿತ್ತು. ಕೊನೆಯಲ್ಲಿ ಬೀಗದವಳು ಕರಗುವಾಗ ನಾನು ಚಪ್ಪಾಳೆ ತಟ್ಟುವುದನ್ನು ಬಿಟ್ಟೆ. ಆದರೆ ಚಿಕ್ಕಿಯ ಹತ್ತಿರ ಹೋಗಿ, ನಿನ್ನನ್ನು ಹಾಗೆ ಕರೆದದ್ದು ತಪ್ಪಾಯಿತು ಎಂದು ಹೇಳಲಿಲ್ಲ. ದೊಡ್ಡವಳಾದ ಮೇಲೆ ಅದೆಲ್ಲ ಬಿಡಿಸಿದ ಲೆಕ್ಕದಷ್ಟು ಸ್ಪಷ್ಟವಾಗಿ ಕಂಡಿತು. ಬರುತ್ತೇನೆಂದು ಹೋಗಿ ಬರದಿದ್ದವರು ಚಿಕ್ಕಿಯ ಅಪ್ಪಯ್ಯ. ಆ ಸಣ್ಣ ಹುಡುಗಿ ಚಿಕ್ಕಿ. ಊರೆಲ್ಲ ತನ್ನನ್ನು ಬೀಗದವಳು ಎಂದು ನಗುವಾಗ, ಆ ಹೆಸರಿಟ್ಟ ಮಗುವಿನ ಬಾಗಿಲಿನ ಮುಂದೆ ಕೂತು, ನಾನು ಕೆಟ್ಟವಳಲ್ಲ ಎಂದು ಒಬ್ಬಳು ಹೇಳಿಕೊಂಡಿದ್ದಳು. ನಾನು ಕಥೆಯನ್ನಷ್ಟೇ ತೆಗೆದುಕೊಂಡು ಅವಳನ್ನು ಅಲ್ಲೇ ಬಿಟ್ಟಿದ್ದೆ. ಎಸ್ಸೆಸ್ಸೆಲ್ಸಿ, ಕಾಲೇಜು, ಮದುವೆ, ಬಾಣಂತನ ಎಲ್ಲದರಲ್ಲೂ ಅವಳು ಇದ್ದಳು, ಆ ಒಂದು ಕ್ಷಮೆ ಮಾತ್ರ ಬಾಕಿ ಇತ್ತು. ಹೇಳಲು ಹೊರಟಾಗಲೆಲ್ಲ, ಇಷ್ಟು ಹಳೆಯದನ್ನು ಹೇಗೆ ಎತ್ತುವುದು ಎಂದು ನಾಚಿಕೆಯಾಗುತ್ತಿತ್ತು.

ಪುಸ್ತಕ ಬಂತು. ಮಗಳಿಗಿಂತ ಮೊದಲು ನಾನು ಓದಿದೆ. ಚಿತ್ರಗಳು ಚೆನ್ನಾಗಿದ್ದವು, ಅದನ್ನು ಒಪ್ಪಲೇಬೇಕು. ಮಾತಿಲ್ಲದ ಒಂದು ಪುಟವಿದೆ: ಉದ್ದದ ಓಣಿ, ಎರಡೂ ಬದಿಗೆ ಬಾಗಿಲುಗಳು, ನಡುವೆ ಬರಿಗಾಲಿನ ಹುಡುಗಿ. ಆ ಪುಟವನ್ನು ಎರಡು ಸಲ ತಿರುಗಿಸಿ ನೋಡಿದೆ. ಮುಂದಿನ ಪುಟದಲ್ಲಿ ಎಲ್ಲ ಹಾಳು. ಇವಳು ಮಂತ್ರಿಯ ಮಗಳಂತೆ, ಅರಮನೆಯಲ್ಲಿ ಯಾರೋ ಅವಮಾನ ಮಾಡಿದರಂತೆ, ಸೇಡಿಗೆಂದು ಮಾಟ ಕಲಿತಳಂತೆ. ಸೇಡು! ನೂರೈವತ್ತು ಪುಟ ಬಣ್ಣ ಹಚ್ಚಿ ಕೊನೆಗೆ ಇಷ್ಟೇನಾ ಎಂದು ಮೇಜಿನ ಮೇಲೆ ಕುಕ್ಕಿದೆ. "ಅಮ್ಮ, ಅದು ನನ್ನ ಗಿಫ್ಟು" ಎಂದು ಮಗಳು ಎತ್ತಿಕೊಂಡು ಹೋದಳು.

ಆದರೆ ನನಗೆ ಒಂದು ನೆಪ ಸಿಕ್ಕಿತ್ತು. ಮುಂದಿನ ಭಾನುವಾರ ಮಗಳನ್ನೂ ಪುಸ್ತಕವನ್ನೂ ಕಟ್ಟಿಕೊಂಡು ಬ್ರಹ್ಮಾವರದಲ್ಲಿ ಕುಂದಾಪುರದ ಬಸ್ಸು ಹತ್ತಿದೆ. ಚಿಕ್ಕಿಗೆ ಇಂಗ್ಲಿಷ್ ಬರುವುದಿಲ್ಲ. ಓದಿ ಹೇಳುವ ಹಾಗೆ ಮಾಡಿ, ಆ ಚಿತ್ರಗಳ ಮೇಲೆ ಅವಳ ಪೀಠಿಕೆಯನ್ನೇ ಹೇಳುವುದು; ದೂರದ ದೇಶದವರು ಕೂಡ ನಿನ್ನ ಕಥೆಯನ್ನೇ ಅಚ್ಚು ಹಾಕಿದ್ದಾರೆ ಎಂದು ಅವಳಿಗೆ ಸಂತೋಷವಾಗಲಿ; ಆ ಸಂತೋಷದ ನಡುವೆ ನನ್ನ ಮಾತನ್ನೂ ಹೇಳಿ ಮುಗಿಸುವುದು. ಕುಂಭಾಶಿ ದಾಟುವಷ್ಟರಲ್ಲಿ ನನಗೆ ಎಲ್ಲ ಬಾಯಿಪಾಠವಾಗಿತ್ತು.

ಚಿಕ್ಕಿ ಈಗ, ಆಮೇಲೆ ಅವಳಿಗೆ ಹುಟ್ಟಿದ ನನ್ನ ತಮ್ಮನ ಸಂಸಾರದೊಂದಿಗೆ ಅದೇ ಮನೆಯಲ್ಲಿದ್ದಾಳೆ. ಅಪ್ಪಯ್ಯ ತೀರಿಕೊಂಡ ಮೇಲೆ ಹೆಂಗಸರ ತಾಳಮದ್ದಲೆ ಸಂಘಕ್ಕೆ ಸೇರಿದ್ದಾಳೆ. ಖಳರ ಪಾತ್ರ ಬಂದರೆ ಯಾರಿಗೂ ಬಿಟ್ಟುಕೊಡುವುದಿಲ್ಲ. ನಾವು ಹೋದಾಗ ಹಿತ್ತಲಿನಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಬಂಗುಡೆ ಹಸನು ಮಾಡುತ್ತಿದ್ದಳು.

"ಹ್ವಾಯ್, ಬಂದ್ರ್ಯಾ! ಅಜ್ಜಿಗೆ ಎಂತ ತಂದ್ಯೆ ಹೆಣೆ?" ಎಂದಳು ಮಗಳಿಗೆ. ಮಗಳು ಮೀನಿನ ನೀರು ತಾಗದಷ್ಟು ದೂರದಲ್ಲಿ ನಿಂತು ಪುಸ್ತಕ ತೋರಿಸಿದಳು. ಚಿಕ್ಕಿ ಕತ್ತು ಉದ್ದ ಮಾಡಿ ನೋಡಿದಳು. "ಅಯ್ಯೋ, ಇದ್ ನಮ್ಮ ಬೀಗದವ್ಳ್ ಅಲ್ದಾ! ಎಷ್ಟ್ ಸಣ್ಣ ಆಯ್ದ್ಲ್ ಕಾಣ್!"

ನಾನು ಪಕ್ಕದಲ್ಲಿ ಕೂತೆ. ಮಗಳು ಪುಟ ತಿರುಗಿಸುವುದು, ನಾನು ಓದುವುದು ಎಂದಾಯಿತು. ಶುರು ಮಾಡಿದೆ. ಅವಳ ಮನೆಗೆ ಏಳು ಬಾಗಿಲು ಎಂದೆ. ಬೇಕಾದವರೊಬ್ಬರು ಬರುತ್ತೇನೆಂದು ಹೋದರು ಎಂದೆ. ನಾಲ್ಕನೆಯ ಪುಟಕ್ಕೆ ಮಗಳು ತಡೆಯಲಾರದೆ, "ಅಮ್ಮ, ಅಲ್ಲಿ ಹಾಗೆ ಬರೆದೇ ಇಲ್ಲ!" ಎಂದಳು. ನಾನು ಅವಳನ್ನು ದುರುಗುಟ್ಟಿ ನೋಡಿದೆ.

ಚಿಕ್ಕಿ ಮೀನು ಬಿಟ್ಟು ನಗತೊಡಗಿದಳು. "ನಂಗ್ ಆಗ್ಲೇ ಗೊತ್ತಾಯ್ತ್. ಅದ್ ನಾ ಹೇಳಿದ್ ಪೀಠಿಕೆ. ಪುಸ್ತಕದಂಗೆ ಇಪ್ಪುದ್ ಓದ್ ಕಾಂಬ. ಇಲ್ದೇ ಇಪ್ಪುದ್ ಎಂತಕ್ ಓದುದ್?"

ಸಿಕ್ಕಿಬಿದ್ದ ಮೇಲೆ ಇನ್ನೇನು. ಇದ್ದದ್ದನ್ನೇ ಹೇಳಿದೆ. ಮಂತ್ರಿಯ ಮಗಳು, ಅವಮಾನ, ಮಾಟ. ಚಿಕ್ಕಿ ಬಂಗುಡೆಯ ಹೊಟ್ಟೆ ಬಗೆಯುತ್ತ ಗಮನವಿಟ್ಟು ಕೇಳಿದಳು, ಎದುರು ಪಕ್ಷದ ಅರ್ಥಧಾರಿಯ ಮಾತು ಕೇಳುವ ಹಾಗೆ.

"ಅಡ್ಡಿಲ್ಲ" ಎಂದಳು ಕೊನೆಗೆ. "ಆದ್ರೆ ಸೇಡ್ ತೀರ್ಸುವವ್ರ್ ಬಾಗ್ಲ್ ಒಡಿತ್ರ್. ಬೀಗ ಎಂತಕ್ ಹಾಕ್ತ್ರ್? ಹೆದ್ರಿಕಿ ಇದ್ದವ್ರ್ ಬೀಗ ಹಾಕುದ್. ಬರ್ದವ್ರಿಗೆ ಅದ್ ಹೊಳಿಲಿಲ್ಲ."

ಮಗಳು ಮಾತಿಲ್ಲದ ಆ ಓಣಿಯ ಪುಟವನ್ನು ಅಜ್ಜಿಗೆ ಮತ್ತೊಮ್ಮೆ ತೋರಿಸುತ್ತಿದ್ದಳು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ ಅನ್ನಿಸಿತು. ನನ್ನ ಬಾಯಿಪಾಠವೆಲ್ಲ ಎಲ್ಲಿ ಹೋಯಿತೋ.

"ಚಿಕ್ಕಿ, ನಂಗ್ ತಪ್ಪಾಯ್ತ್" ಎಂದೆ. "ಆಗ ನಾ ನಿನ್ನನ್ನೇ ಬೀಗದವ್ಳ್ ಅಂದ್ಕಂಡಿದ್ದೆ. ಊರಿಗೆಲ್ಲ ಹೇಳ್ಕಂಡ್ ಬಂದಿದ್ದೆ. ನೀ ಬಾಗ್ಲ ಹೊರ್ಗೆ ಕೂಕಂಡ್ ನಿನ್ನ ಕಥೆ ಹೇಳಿರೂ, ನಾ ನಿಂಗ್ ಒಂದ್ ಒಳ್ಳೆ ಮಾತ್ ಹೇಳ್ಲಿಲ್ಲ."

"ನನ್ನ ಕಥೆಯಾ?" ಚಿಕ್ಕಿ ನಿಜಕ್ಕೂ ಆಶ್ಚರ್ಯಪಟ್ಟಳು. "ಅದ್ ನನ್ನ ಕಥೆ ಅಂದೇಳಿ ನಿಂಗ್ ಯಾರ್ ಹೇಳಿದ್ದ್?"

"ಬತ್ತೆ ಅಂದೇಳಿ ಹೋದ್ದ್ ನಿನ್ನ ಅಪ್ಪಯ್ಯ ಅಲ್ದಾ?"

"ಅಲ್ಲ ಮಗಾ. ನಿನ್ನ ಅಮ್ಮ."

ಚಿಕ್ಕಿ ಕೈ ತೊಳೆದುಕೊಂಡು ಸೆರಗಿಗೆ ಒರೆಸಿದಳು.

"ಬೀಗದವ್ಳ್ ನಾನಲ್ಲ, ನೀನ್. ನಾ ನಿನ್ನ ಪೀಠಿಕೆ ಹೇಳಿದ್ದ್. ನಿಂಗ್ ಹೇಳುಕೆ ಬತ್ತಿರ್ಲಿಲ್ಲ, ಅದ್ಕೆ ನಾ ಹೇಳ್ದೆ. ನಿಂಗ್ ನೆನಪಿಲ್ಯಾ? ನಾ ಬಂದ್ ಒಂದ್ ವರ್ಷ ಆಪ್ ಹೊತ್ತಿಗೆ, ಆ ಮಳಿ ಸುರು ಆಪುಕಿಂತ ಮುಂಚೆ, ನಾ ಬೈಂದೂರಿಗೆ ಹೊರ್ಟಿದ್ದೆ. ಎರಡ್ ದಿನಕ್ಕಲ್ಲ, ಪೂರಾ ಹೊರ್ಟದ್ದ್. ನಿನ್ನ ಅಪ್ಪಯ್ಯ ಬೊಂಬಾಯಂಗೆ. ನೀ ಮುಖ ಕೊಟ್ಟ್ ಮಾತಾಡುದಿಲ್ಲ. ನೀರಿಗೆ ಹೋರೆ ಹೆಂಗಸ್ರ್ ನಗ್ತ್ರ್. ಸಾಕಾಯ್ದಿತ್ತ್ ನಂಗ್. ಕೀಲಿಕೈ ಅಜ್ಜಿಯ ತಲಿದಿಂಬಿನ ಹತ್ರ ಇಟ್ಟ್, ಚೀಲ ಹಿಡ್ಕಂಡ್ ಬಂದೆ. ನೀ ಹೆಬ್ಬಾಗ್ಲ ಚಿಲ್ಕ ಹಾಕಿ, ಹೊಸ್ತಿಲಿಗೆ ಅಡ್ಡ ಮನಿಕಂಡಿದ್ದೆ."

"ನಾನಾ?"

"ಮತ್ಯಾರ್? ಬಾಯಂಗೆ ಮಾತಿಲ್ಲ. ಅಳುವೂ ಇಲ್ಲ. ಏಳ್ ಮಗಾ, ಬಸ್ಸಿಗೆ ಹೊತ್ತಾತ್ತ್ ಅಂದೆ. ನೀ ಕಣ್ಣ್ ಮುಚ್ಕಂಡೆ. ಮನಿಕಂಡ ಮಕ್ಕಳನ್ನ ದಾಂಟಿರೆ ಬೆಳುದಿಲ್ಲ ಅಂಬ್ರ್. ಹ್ಯಾಂಗ್ ದಾಂಟುದ್ ನಾ?"

ಮಗಳು ಪುಸ್ತಕ ಮಡಿಲಲ್ಲಿಟ್ಟು ನಮ್ಮಿಬ್ಬರನ್ನು ನೋಡುತ್ತಿದ್ದಳು. ನಾನು ಅಳುತ್ತಿದ್ದೆ, ಎಂಟು ವರ್ಷದವಳ ಹಾಗೆ, ಮೂಗು ಒರೆಸಿಕೊಳ್ಳುವುದಕ್ಕೂ ಗೊತ್ತಾಗದೆ. ಆ ದಿನವನ್ನು ಎಷ್ಟು ಹುಡುಕಿದರೂ ನನ್ನ ನೆನಪಿನಲ್ಲಿಲ್ಲ. ಅವಳನ್ನು ದ್ವೇಷಿಸಿದ್ದೆಲ್ಲ ನೆನಪಿದೆ, ಬಿಡದೆ ಹಿಡಿದುಕೊಂಡದ್ದು ಮಾತ್ರ ಇಲ್ಲ. ಅದನ್ನು ಇಷ್ಟು ವರ್ಷ ಅವಳೊಬ್ಬಳೇ ನೆನಪಿಟ್ಟುಕೊಂಡಿದ್ದಳು.

"ಮತ್ತೆ ಎಂತ ಆಯ್ತ್ ಅಜ್ಜಿ?" ಎಂದು ಮಗಳು ಕೇಳಿದಳು.

"ಎಂತ ಆಪ್ದ್? ಚೀಲ ಕೆಳ್ಗಿಟ್ಟ್ ನಾನೂ ಅಲ್ಲೇ ಕೂಕಂಡೆ" ಎಂದಳು ಚಿಕ್ಕಿ. "ಬಸ್ ಹೋಯ್ತ್. ನಿನ್ನ ಅಮ್ಮ ಏಳ್ಲಿಲ್ಲ, ನಾ ದಾಂಟ್ಲಿಲ್ಲ."